ಮತ್ತೆ ತಪ್ಪುವನೇ? – ಅಳೆಯುವ ಬಗೆ

ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಆಚಾರ, ಸಂಸ್ಕಾರ, ಕಾಯಕ, ದಾಸೋಹಗಳ ಕುರಿತು ನಾಲ್ಕು ಮಾತು ಬರೆಯುತ್ತ ಬಂದಿದ್ದೇವೆ. ಈ ತಿಂಗಳು ಎತ್ತಿಕೊಂಡಿರುವ ವಿಷಯವು ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ತಕ್ಕುದೇ ಎಂದು ಕೆಲವರಿಗೆ ಅನಿಸಬಹುದು. ಲೈಂಗಿಕ ಅಪರಾಧಕ್ಕಾಗಿ ಶಿಕ್ಷೆಯನ್ನು ಅನುಭವಿಸಿದವನು ಸೆರೆಮನೆಯಿಂದ ಹೊರಬಂದಾಗ, ಆತನು ಮತ್ತೆ ಅದೇ ಅಪರಾಧವನ್ನು ಎಸಗುವನೋ ಇಲ್ಲವೋ ಎಂಬುದನ್ನು ತಿಳಿಯುವುದು ಹೇಗೆ? ಇದೇ ಆ ವಿಷಯ. ಮಕ್ಕಳನ್ನು ದೂರದ ಊರಿನ ವಿದ್ಯಾರ್ಥಿನಿಲಯಗಳಲ್ಲಿ ಬಿಟ್ಟು ಬಂದ ತಾಯಂದಿರು ನಮ್ಮನ್ನು ಕಂಡಾಗಲೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಕೇಳುವ ಪ್ರಶ್ನೆಯಿದು. ಮರ್ಯಾದೆಯ ನೆಪದಲ್ಲಿ ಹಿರಿಯರಾದ ನಾವು ಬಾಯಿ ಬಿಡದೆ ಕುಳಿತರೆ ಆ ಮೌನದ ಫಲವನ್ನು ಉಣ್ಣಬೇಕಾದವರು ಮಕ್ಕಳೇ ಹೊರತು ನಾವಲ್ಲ.

ಉಜಿರೆಯ ಹೆಸರನ್ನು ಕೇಳದ ಮನೆ ನಮ್ಮ ಸಮಾಜದಲ್ಲಿ ವಿರಳ. ಧರ್ಮಸ್ಥಳದ ಯಾತ್ರಿಕರು ಹಾದುಹೋಗುವ ಊರದು. ಬಯಲುಸೀಮೆಯ ಎಷ್ಟೋ ಮನೆಗಳ ಮಕ್ಕಳು ಅಲ್ಲಿಯ ಕಾಲೇಜುಗಳಲ್ಲಿ ಓದಿ ಬಂದಿದ್ದಾರೆ. 2012ರ ಅಕ್ಟೋಬರ್ ತಿಂಗಳಲ್ಲಿ ಉಜಿರೆಯ ಕಾಲೇಜಿನಿಂದ ಮನೆಗೆ ಹೊರಟ ಹದಿನೇಳು ವರ್ಷದ ವಿದ್ಯಾರ್ಥಿನಿಯೋರ್ವಳು ಮನೆ ಸೇರಲಿಲ್ಲ. ಮರುದಿನ ಆಕೆಯ ಶವ ದೊರೆಯಿತು. ಅತ್ಯಾಚಾರವೆಸಗಿ ಕೊಂದ ಪ್ರಕರಣವೆಂದು ದಾಖಲಾಯಿತು, ಓರ್ವನನ್ನು ಬಂಧಿಸಲಾಯಿತು. ತನಿಖೆಯು ಸ್ಥಳೀಯ ಪೊಲೀಸರಿಂದ ಸಿಐಡಿಗೆ, ಅಲ್ಲಿಂದ ಸಿಬಿಐಗೆ ಹೋಯಿತು. 2023ರ ಜೂನ್ ತಿಂಗಳಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಆರೋಪ ರುಜುವಾತಾಗಲಿಲ್ಲವೆಂದು ಆತನನ್ನು ಬಿಡುಗಡೆ ಮಾಡಿತು. ಹತ್ತು ವರ್ಷಕ್ಕೂ ಮೇಲ್ಪಟ್ಟು ಆರೋಪಿಯೆಂಬ ಹೆಸರನ್ನು ಹೊತ್ತವನು ನಿರ್ದೋಷಿಯಾದನು. ಆ ಮಗುವಿನ ಹೆತ್ತವರು ಮೊದಲ ದಿನ ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳಬೇಕಾಯಿತು.

ಈ ಪ್ರಕರಣವನ್ನು ಕುರಿತು ಯಾರ ಮೇಲೂ ಬೆರಳು ತೋರುವ ಅಧಿಕಾರ ನಮಗಿಲ್ಲ. ಆದರೆ ಅದರಿಂದ ಕಲಿಯಬೇಕಾದ ಮೊದಲ ಪಾಠವೊಂದಿದೆ. ಅಪರಾಧಿಯು ಮತ್ತೆ ತಪ್ಪುವನೇ ಎಂದು ಅಳೆಯಬೇಕಾದರೆ ಮೊದಲು ಅಪರಾಧಿ ಯಾರೆಂದು ಸರಿಯಾಗಿ ತಿಳಿದಿರಬೇಕು. ತನಿಖೆಯ ಮೊದಲ ದಿನಗಳಲ್ಲಿ ಸಾಕ್ಷ್ಯವು ಕೈತಪ್ಪಿದರೆ ಮುಂದಿನ ಯಾವ ಅಳತೆಗೂ ನೆಲೆಯಿಲ್ಲ. ತಪ್ಪು ಮಾಡದವನು ಕಟಕಟೆಯಲ್ಲಿ ನಿಂತಿರುವಷ್ಟು ಕಾಲವೂ ತಪ್ಪು ಮಾಡಿದವನು, ಯಾರ ಲೆಕ್ಕಕ್ಕೂ ಸಿಕ್ಕದೆ, ನಮ್ಮ ನಡುವೆಯೇ ಓಡಾಡಿಕೊಂಡಿರುತ್ತಾನೆ.

ಎರಡನೆಯ ಪಾಠವು ನೆರೆಯ ಬಂಟ್ವಾಳ ತಾಲ್ಲೂಕಿನದು. ಅಲ್ಲಿಯ ಕನ್ಯಾನದ ಮೋಹನ ಕುಮಾರನು ಪ್ರಾಥಮಿಕ ಶಾಲೆಯ ಅಧ್ಯಾಪಕನಾಗಿದ್ದವನು. ವರದಕ್ಷಿಣೆ ಕೊಡಲಾಗದೆ ಮದುವೆ ತಡವಾಗಿದ್ದ ಬಡಮನೆಯ ಹೆಣ್ಣುಮಕ್ಕಳಿಗೆ ಮದುವೆಯ ಮಾತು ಕೊಟ್ಟು, ದೂರದ ಊರುಗಳಿಗೆ ಕರೆದೊಯ್ದು, ಅತ್ಯಾಚಾರವೆಸಗಿ, ಮರುದಿನ ಗರ್ಭ ತಡೆಯುವ ಮಾತ್ರೆಯೆಂದು ನಂಬಿಸಿ ಸಯನೈಡ್ ಕೊಟ್ಟು ಕೊಂದನೆಂಬುದು ಅವನ ಮೇಲಿನ ಆರೋಪ. ಶವಗಳು ಬೇರೆ ಬೇರೆ ಊರಿನ ಬಸ್ ನಿಲ್ದಾಣಗಳಲ್ಲಿ ದೊರೆತವು. ಗುರುತು ಸಿಕ್ಕದೆ ಅಸ್ವಾಭಾವಿಕ ಮರಣಗಳೆಂದು ಕಡತ ಸೇರಿದವು. ಇತ್ತ ಮನೆಯವರಲ್ಲಿ ಅನೇಕರು ಮಗಳು ಯಾರೊಂದಿಗೋ ಹೋದಳೆಂದು ನಾಚಿಕೆಯಿಂದ ಸುಮ್ಮನಾದರು. ಬಂಟ್ವಾಳ ತಾಲ್ಲೂಕಿನ ಓರ್ವ ಯುವತಿಯ ಕಣ್ಮರೆಯ ಜಾಡು ಹಿಡಿದ ಪೊಲೀಸರು 2009ರ ಅಕ್ಟೋಬರ್‌ನಲ್ಲಿ ಆತನನ್ನು ಬಂಧಿಸಿದರು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯವು ಮೊದಲ ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿತು. ಇಪ್ಪತ್ತನೆಯ, ಕೊನೆಯ ಪ್ರಕರಣದ ತೀರ್ಪು 2020ರ ಜೂನ್‌ನಲ್ಲಿ ಬಂದಿತು. ಮೇಲ್ಮನವಿಯಲ್ಲಿ ಕೆಲವು ಶಿಕ್ಷೆಗಳು ಬದಲಾದವು.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 2009ರಲ್ಲಿ ಸಿಕ್ಕಿಬೀಳುವವರೆಗೆ ಇಂಥ ಅಪರಾಧಕ್ಕಾಗಿ ಆತನಿಗೆ ಶಿಕ್ಷೆಯೇ ಆಗಿರಲಿಲ್ಲ. ಹಳೆಯ ದಾಖಲೆಯನ್ನು ನೋಡಿ ಅಪಾಯವನ್ನು ಅಳೆಯುವ ಯಾವ ಪದ್ಧತಿಯಾದರೂ ಆತನನ್ನು ಅಪಾಯವಿಲ್ಲದ ಗೃಹಸ್ಥನೆಂದೇ ಬರೆಯುತ್ತಿತ್ತು. ಮನೆಮನೆಯಲ್ಲಿ ನುಂಗಿಕೊಂಡ ನಾಚಿಕೆಯು ಆತನ ಲೆಕ್ಕದ ಪುಸ್ತಕವನ್ನು ಖಾಲಿಯಾಗಿ ಉಳಿಸಿತ್ತು. ಮಗಳು ಕಾಣೆಯಾದ ದಿನವೇ ದೂರು ಕೊಡುವುದು ಮಾನ ಕಳೆದುಕೊಳ್ಳುವ ಕೆಲಸವಲ್ಲ. ಅದು ಇನ್ನೊಂದು ಮನೆಯ ಮಗಳನ್ನು ಉಳಿಸುವ ಕೆಲಸ.

ಮೂರನೆಯ ಪಾಠ ಚಿತ್ರದುರ್ಗ ಜಿಲ್ಲೆಯ ಉಮೇಶ ರೆಡ್ಡಿಯದು. ಆತನು ಕೇಂದ್ರ ಮೀಸಲು ಪೊಲೀಸ್ ಪಡೆಯಲ್ಲಿದ್ದವನು. ಅಲ್ಲಿ ಅಧಿಕಾರಿಯೋರ್ವರ ಮಗಳ ಮೇಲೆ ಕೈಮಾಡಲು ಹೋಗಿ ಓಡಿಬಂದನೆಂದೂ, ಹಿಂದಿನ ನಡತೆಯನ್ನು ಯಾರೂ ವಿಚಾರಿಸದ ಕಾರಣ ಚಿತ್ರದುರ್ಗದ ಜಿಲ್ಲಾ ಸಶಸ್ತ್ರ ಪೊಲೀಸ್ ಪಡೆಯನ್ನು ಸೇರಿದನೆಂದೂ ಪತ್ರಿಕೆಗಳಲ್ಲಿ ವರದಿಯಾಗಿದೆ. ಮುಂದೆ ಒಂದಾದ ಮೇಲೊಂದು ಅಪರಾಧಗಳು ನಡೆದವು. ಪೊಲೀಸರ ವಶದಿಂದ ತಪ್ಪಿಸಿಕೊಂಡು ಮತ್ತೆ ಅದೇ ಕೃತ್ಯಗಳಲ್ಲಿ ತೊಡಗಿದನು. 1998ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ವಿಧವೆಯೋರ್ವಳನ್ನು ಅತ್ಯಾಚಾರವೆಸಗಿ ಕೊಂದ ಪ್ರಕರಣದಲ್ಲಿ ಮರಣದಂಡನೆಯಾಯಿತು; 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಆತನನ್ನು ನಿಯಮ ಮೀರಿ ದೀರ್ಘಕಾಲ ಏಕಾಂತ ಸೆರೆಯಲ್ಲಿ ಇರಿಸಿದ್ದ ಕಾರಣ 2022ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯವು ಮರಣದಂಡನೆಯನ್ನು ಕನಿಷ್ಠ 30 ವರ್ಷಗಳ ಸೆರೆವಾಸವುಳ್ಳ ಜೀವಾವಧಿ ಶಿಕ್ಷೆಯಾಗಿ ಮಾರ್ಪಡಿಸಿತು. ಕನ್ಯಾನದವನ ವಿಷಯದಲ್ಲಿ ದಾಖಲೆಯೇ ಇರಲಿಲ್ಲ. ಈತನ ವಿಷಯದಲ್ಲಿ ಒಂದು ಕಚೇರಿ ಬಲ್ಲದ್ದು ಇನ್ನೊಂದು ಕಚೇರಿಗೆ ಮುಟ್ಟಲಿಲ್ಲ. ಎಚ್ಚರಿಕೆಯ ಗಂಟೆಯು ಬಾರಿಸಿದ ಕೋಣೆಯಲ್ಲಿಯೇ ಉಳಿದುಹೋಯಿತು.

ಹಾಗಾದರೆ ಅಳೆಯುವ ಬಗೆ ಯಾವುದು? ಅದನ್ನು ಹೇಳುವ ಮೊದಲು, ನಾವೆಲ್ಲರೂ ನಿತ್ಯ ಬಳಸುವ ಮೂರು ಸುಳ್ಳು ಅಳತೆಗೋಲುಗಳನ್ನು ಬದಿಗಿಡಬೇಕು.

ಮೊದಲನೆಯದು ಕೋಪದ ಅಳತೆಗೋಲು. ಇಂಥವರೆಲ್ಲ ಒಂದೇ, ಬಿಟ್ಟರೆ ಮತ್ತೆ ಮಾಡಿಯೇ ಮಾಡುತ್ತಾರೆ ಎಂಬ ಮಾತನ್ನು ನಾವು ಜಗುಲಿಯ ಮೇಲೂ ಕೇಳುತ್ತೇವೆ, ಸಭೆಗಳಲ್ಲೂ ಕೇಳುತ್ತೇವೆ. ದೊಡ್ಡ ದೊಡ್ಡ ನ್ಯಾಯಪೀಠಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 2002ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪಿನಲ್ಲಿ, ಚಿಕಿತ್ಸೆ ಪಡೆಯದ ಲೈಂಗಿಕ ಅಪರಾಧಿಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಮಂದಿ ಮತ್ತೆ ತಪ್ಪುತ್ತಾರೆಂಬ ಅಂಕಿ ಕಾಣಿಸಿಕೊಂಡಿತು. ಅದರ ಮೂಲವನ್ನು ವಿದ್ವಾಂಸರು ಹುಡುಕುತ್ತ ಹೋದಾಗ ಕೈಗೆ ಸಿಕ್ಕಿದ್ದು 1986ರ ಜನಪ್ರಿಯ ಪತ್ರಿಕೆಯೊಂದರ ಲೇಖನದಲ್ಲಿದ್ದ ಒಂದು ವಾಕ್ಯ ಮಾತ್ರ. ಅದಕ್ಕೆ ಆಧಾರವಾದ ಯಾವ ಸಮೀಕ್ಷೆಯೂ ಇರಲಿಲ್ಲ. ನಿಜವಾದ ಎಣಿಕೆ ಬೇರೆ. ಕೆನಡಾದ ಕಾರ್ಲ್ ಹ್ಯಾನ್ಸನ್ ಮತ್ತು ಸಂಗಡಿಗರು 1998ರಲ್ಲಿ 61 ಅಧ್ಯಯನಗಳನ್ನು ಒಟ್ಟುಗೂಡಿಸಿ 23 ಸಾವಿರಕ್ಕೂ ಹೆಚ್ಚು ಅಪರಾಧಿಗಳ ಲೆಕ್ಕ ತೆಗೆದರು. ಬಿಡುಗಡೆಯಾದ ನಾಲ್ಕೈದು ವರ್ಷಗಳಲ್ಲಿ ಮತ್ತೆ ಲೈಂಗಿಕ ಅಪರಾಧವೆಸಗಿ ಸಿಕ್ಕಿದವರು ನೂರಕ್ಕೆ 13.4. 2005ರಲ್ಲಿ 82 ಅಧ್ಯಯನಗಳನ್ನು ಸೇರಿಸಿದಾಗಲೂ ಹೆಚ್ಚುಕಡಿಮೆ ಅಷ್ಟೇ, 13.7. ಇದು ಸಿಕ್ಕಿಬಿದ್ದವರ ಲೆಕ್ಕ. ದೂರು ಬಾರದ ಅಪರಾಧಗಳು ಇದರಲ್ಲಿ ಸೇರಿಲ್ಲ, ಆದ್ದರಿಂದ ನಿಜವು ಇದಕ್ಕಿಂತ ಹೆಚ್ಚೇ ಇರಬೇಕು. ಆದರೂ ಎಲ್ಲರೂ ಮತ್ತೆ ತಪ್ಪುತ್ತಾರೆಂಬ ಮಾತು ನಿಲ್ಲುವುದಿಲ್ಲ.

ಎರಡನೆಯದು ಕಣ್ಣೀರಿನ ಅಳತೆಗೋಲು. ಭಕ್ತಿಯ ಮನೆತನದವರಾದ ನಾವು ಇದಕ್ಕೆ ಬೇಗ ಸೋಲುತ್ತೇವೆ. ತಪ್ಪಾಯಿತೆಂದು ಅತ್ತವನನ್ನು, ಹಿರಿಯರ ಕಾಲಿಗೆ ಬಿದ್ದವನನ್ನು, ಹಣೆಯ ತುಂಬ ವಿಭೂತಿ ಧರಿಸಿ ಬಂದವನನ್ನು ಕಂಡರೆ ನಮ್ಮ ಮನಸ್ಸು ಕರಗುತ್ತದೆ. ಆದರೆ ಮೇಲೆ ಹೇಳಿದ ಎರಡೂ ಸಂಕಲನಗಳಲ್ಲಿ ಕಂಡುಬಂದದ್ದೇನೆಂದರೆ, ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ ನಿರಾಕರಿಸುವುದಕ್ಕೂ, ನೊಂದವರ ಬಗ್ಗೆ ಮರುಕ ತೋರುವುದಕ್ಕೂ ತೋರದಿರುವುದಕ್ಕೂ, ಮುಂದಿನ ಅಪರಾಧದೊಂದಿಗೆ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಪಶ್ಚಾತ್ತಾಪವು ಆತ್ಮದ ವಿಷಯದಲ್ಲಿ ದೊಡ್ಡದೇ. ಆದರೆ ಅದರ ಮಾತು ಕೇಳಿ ಮಕ್ಕಳನ್ನು ಒಪ್ಪಿಸುವಂತಿಲ್ಲ.

ಮೂರನೆಯದು ಸೆರೆಮನೆಯ ಸನ್ನಡತೆ. ಮಕ್ಕಳಿಲ್ಲದ, ಹೆಂಗಸರಿಲ್ಲದ ಕಡೆ ಮಕ್ಕಳನ್ನೂ ಹೆಂಗಸರನ್ನೂ ಪೀಡಿಸದೆ ಇದ್ದನೆಂಬುದು ಎಷ್ಟರ ಮಟ್ಟಿನ ಸಾಕ್ಷ್ಯ? 2002ರ ಗುಜರಾತಿನ ಗಲಭೆಯ ಕಾಲದ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಗಳಿಗಾಗಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ ಹನ್ನೊಂದು ಮಂದಿಯನ್ನು 2022ರ ಆಗಸ್ಟ್ 15ರಂದು ಅವಧಿಗೆ ಮುನ್ನವೇ ಬಿಡಲಾಯಿತು. ಸನ್ನಡತೆಯೂ ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಶಿಕ್ಷೆ ವಿಧಿಸಿದ ಮುಂಬಯಿಯ ನ್ಯಾಯಾಲಯದ ನ್ಯಾಯಾಧೀಶರು ಬಿಡುಗಡೆ ಬೇಡವೆಂದು ಅಭಿಪ್ರಾಯ ಕೊಟ್ಟಿದ್ದರು. ಅವರಲ್ಲಿ ಓರ್ವನ ಮೇಲೆ, ಪೆರೋಲ್ ಮೇಲೆ ಹೊರಗಿದ್ದಾಗ, 2020ರಲ್ಲಿ ಹೆಣ್ಣುಮಗಳೊಬ್ಬಳ ಮಾನಭಂಗದ ದೂರು ದಾಖಲಾಗಿದ್ದುದು ಸರ್ಕಾರದ ಪ್ರಮಾಣಪತ್ರದಿಂದಲೇ ಹೊರಬಿದ್ದಿತು. ಗುಜರಾತ್ ಸರ್ಕಾರಕ್ಕೆ ಹೀಗೆ ಬಿಡುವ ಅಧಿಕಾರವೇ ಇರಲಿಲ್ಲವೆಂದು 2024ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಗೊಳಿಸಿತು.

ಇನ್ನು ಸರಿಯಾದ ಅಳತೆಗೋಲಿನ ಮಾತು. 1999ರಲ್ಲಿ ಮೇಲೆ ಹೇಳಿದ ಹ್ಯಾನ್ಸನ್ ಅವರೂ ಇಂಗ್ಲೆಂಡಿನ ಡೇವಿಡ್ ಥಾರ್ನ್‌ಟನ್ ಅವರೂ ಸೇರಿ ಸ್ಟ್ಯಾಟಿಕ್-99 ಎಂಬ ಪಟ್ಟಿಯೊಂದನ್ನು ರೂಪಿಸಿದರು. ಪ್ರಾಯಕ್ಕೆ ಬಂದ ಗಂಡಸರಿಗೆ ಮಾತ್ರ ಅನ್ವಯಿಸುವ ಈ ಪಟ್ಟಿಯಲ್ಲಿ ಹತ್ತು ಪ್ರಶ್ನೆಗಳಿವೆ. ಬಿಡುಗಡೆಯ ಹೊತ್ತಿಗೆ ವಯಸ್ಸೆಷ್ಟು? ಹಿಂದೆ ಇಂಥ ಅಪರಾಧಗಳು ಎಷ್ಟಾಗಿವೆ? ಒಟ್ಟಾರೆ ಎಷ್ಟು ಬಾರಿ ಶಿಕ್ಷೆಯಾಗಿದೆ? ಬೇರೆ ಬಗೆಯ ಹಿಂಸೆಯ ಪ್ರಕರಣಗಳಿವೆಯೇ? ಪೀಡೆಗೊಳಗಾದವರು ಬಂಧುಗಳೋ ಹೊರಗಿನವರೋ, ಪರಿಚಿತರೋ ಅಪರಿಚಿತರೋ? ಗಂಡುಮಕ್ಕಳೂ ಇದ್ದರೇ? ಸಂಗಾತಿಯೊಂದಿಗೆ ಎರಡು ವರ್ಷವಾದರೂ ಬಾಳಿದ್ದಾನೆಯೇ? ಪ್ರತಿಯೊಂದಕ್ಕೂ ಅಂಕವಿದೆ, ಅಂಕಗಳ ಮೊತ್ತದಂತೆ ಆತನನ್ನು ಕಡಿಮೆ, ಮಧ್ಯಮ, ಹೆಚ್ಚು ಅಪಾಯದ ಗುಂಪುಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಅಂಕಗಳು ಹೆಚ್ಚಿದಂತೆ ಮತ್ತೆ ತಪ್ಪುವವರ ಪ್ರಮಾಣವೂ ಹೆಚ್ಚುತ್ತದೆ. ವಯಸ್ಸು ಏರಿದಂತೆ ಅಪಾಯ ಇಳಿಯುತ್ತದೆ.

ಈ ಪಟ್ಟಿಯು ಕಳೆದುಹೋದುದನ್ನು ಮಾತ್ರ ನೋಡುತ್ತದೆ, ಕಳೆದುಹೋದುದು ಬದಲಾಗದು. ಆದ್ದರಿಂದ ಬದಲಾಗುವ ಸಂಗತಿಗಳನ್ನು ಅಳೆಯಲು ಸ್ಟೇಬಲ್-2007 ಎಂಬ ಇನ್ನೊಂದು ಪಟ್ಟಿ ಬಂದಿತು. ಆತನ ಸಹವಾಸ ಎಂಥವರದು, ಹೆಂಗಸರ ಬಗ್ಗೆ ದ್ವೇಷವಿದೆಯೇ, ಮಕ್ಕಳ ಸಂಗಡವೇ ಹೆಚ್ಚು ಸಲಿಗೆಯೇ, ಮುಂದಾಲೋಚನೆಯಿಲ್ಲದೆ ದುಡುಕುವವನೇ, ಲೈಂಗಿಕ ವಿಚಾರವೇ ಸದಾ ತಲೆಯಲ್ಲಿ ತುಂಬಿದೆಯೇ, ಮೇಲ್ವಿಚಾರಕರಿಗೆ ಸಹಕರಿಸುತ್ತಾನೆಯೇ ಎಂದು ಅದು ಕೇಳುತ್ತದೆ. ಮೊದಲನೆಯ ಪಟ್ಟಿಯು ಎಷ್ಟು ಎಚ್ಚರವಿರಬೇಕೆಂದು ಹೇಳಿದರೆ ಎರಡನೆಯದು ಯಾವುದರ ಮೇಲೆ ಎಚ್ಚರವಿರಬೇಕೆಂದು ಹೇಳುತ್ತದೆ. ಅನುಭವಿಗಳಾದ ವೈದ್ಯರು, ಅಧಿಕಾರಿಗಳು ಮುಖ ನೋಡಿ, ಮಾತು ಕೇಳಿ ಹೇಳುವ ಊಹೆಗಿಂತ ಹೀಗೆ ಬರೆದಿಟ್ಟ ಪಟ್ಟಿಯಿಂದ ಬರುವ ಉತ್ತರವೇ ಹೆಚ್ಚು ಸರಿಯೆಂದು ಅಧ್ಯಯನಗಳು ತೋರಿಸಿವೆ.

ಆದರೆ ಈ ಅಳತೆಗೂ ಮಿತಿಗಳಿವೆ. ರಕ್ತದೊತ್ತಡ, ಸಕ್ಕರೆ, ವಯಸ್ಸುಗಳನ್ನು ನೋಡಿ ವೈದ್ಯರು ಹೃದಯದ ಬೇನೆಯ ಸಂಭವವನ್ನು ಹೇಳುವಂತೆಯೇ ಇದು. ಇಂಥ ನೂರು ಮಂದಿಯಲ್ಲಿ ಇಷ್ಟು ಮಂದಿಗೆ ಎಂದು ಹೇಳಬಹುದು. ಈ ಒಬ್ಬನಿಗೆ ಆಗಿಯೇ ಆಗುವುದೆಂದು ಹೇಳಲಾಗದು. ಮೇಲಾಗಿ ಈ ಪಟ್ಟಿಗಳು ಪಶ್ಚಿಮ ದೇಶಗಳ ಕೈದಿಗಳನ್ನು ನೋಡಿ ಸಿದ್ಧಪಡಿಸಿದವು. ಸಂಗಾತಿಯೊಂದಿಗೆ ಎರಡು ವರ್ಷ ಬಾಳಿದನೇ ಎಂಬ ಪ್ರಶ್ನೆಗೆ, ಹಿರಿಯರೇ ಮದುವೆ ಮಾಡಿಸುವ ನಮ್ಮ ದೇಶದಲ್ಲಿ ಅದೇ ಅರ್ಥವಿರಲಾರದು. ನಮ್ಮ ಕಾರಾಗೃಹಗಳಿಂದ ಹೊರಬಂದವರ ಮುಂದಿನ ಬಾಳನ್ನು ವರ್ಷಾನುಗಟ್ಟಲೆ ಗಮನಿಸಿ, ನಮ್ಮ ವಿದ್ವಾಂಸರು ನಮಗೆ ಹೊಂದುವ ಅಳತೆಗೋಲನ್ನು ತಿದ್ದಿಕೊಳ್ಳಬೇಕು. ಅಪರಾಧ ಮನೆಯೊಳಗೆ ನಡೆದರೆ ದೂರು ಬರುವುದೇ ಅಪರೂಪವೆಂಬುದನ್ನೂ ಮರೆಯಬಾರದು.

ನಮ್ಮ ಕಾನೂನಿನಲ್ಲಿ ಈ ಪ್ರಶ್ನೆಗೆ ಸ್ಥಾನವಿಲ್ಲವೆಂದಲ್ಲ. ಅಪರಾಧಿ ಸುಧಾರಿಸುವ ಸಂಭವವನ್ನು ಮರಣದಂಡನೆಗೆ ಮುನ್ನ ನ್ಯಾಯಾಲಯ ಪರಿಗಣಿಸಬೇಕೆಂದು 1980ರ ಬಚನ್ ಸಿಂಗ್ ತೀರ್ಪು ಹೇಳಿತು. ಜೀವಾವಧಿ ಕೈದಿಯನ್ನು ಅವಧಿಗೆ ಮುನ್ನ ಬಿಡುವಾಗ ನೋಡಬೇಕಾದ ಐದು ಅಂಶಗಳನ್ನು 2000ದ ಲಕ್ಷ್ಮಣ ನಸ್ಕರ್ ತೀರ್ಪು ಪಟ್ಟಿಮಾಡಿತು: ಅಪರಾಧವು ಸಮಾಜವನ್ನು ಒಟ್ಟಾರೆ ಬಾಧಿಸದ ವೈಯಕ್ತಿಕ ಕೃತ್ಯವೇ, ಅದು ಮರುಕಳಿಸುವ ಸಂಭವವಿದೆಯೇ, ಅಪರಾಧವೆಸಗುವ ಶಕ್ತಿ ಆತನಲ್ಲಿ ಕುಂದಿದೆಯೇ, ಇನ್ನೂ ಸೆರೆಯಲ್ಲಿಡುವುದರಿಂದ ಪ್ರಯೋಜನವಿದೆಯೇ, ಮನೆಯವರ ಸ್ಥಿತಿಗತಿಯೇನು. ಪ್ರಶ್ನೆಗಳು ಸರಿಯಾಗಿಯೇ ಇವೆ. ಉತ್ತರ ಬರೆಯುವವರ ಕೈಯಲ್ಲಿ ಬಹುಪಾಲು ಇರುವುದು ಜೈಲಿನ ನಡತೆಯ ವರದಿ ಮತ್ತು ಪೊಲೀಸ್ ಠಾಣೆಯ ಅಭಿಪ್ರಾಯ. 2022ರ ಮೇ ತಿಂಗಳಲ್ಲಿ, ಮಧ್ಯಪ್ರದೇಶದ ಮನೋಜ್ ಎಂಬಾತನ ಪ್ರಕರಣದಲ್ಲಿ, ಮರಣದಂಡನೆಯ ಪ್ರಶ್ನೆ ಬಂದಾಗ ಮನೋವೈದ್ಯಕೀಯ ವರದಿಯನ್ನೂ ಪರಿವೀಕ್ಷಣಾಧಿಕಾರಿಯ ವರದಿಯನ್ನೂ ತರಿಸಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯ ಕಟ್ಟಪ್ಪಣೆ ಮಾಡಿತು. ಇಷ್ಟೇ ಎಚ್ಚರವನ್ನು, ಗಲ್ಲಿನ ಮಾತಿಲ್ಲದ ನೂರಾರು ಸಾಮಾನ್ಯ ಪ್ರಕರಣಗಳಲ್ಲಿ ಬಿಡುಗಡೆಯ ಮುನ್ನವೂ ತೋರಿದರೆ ಊರುಗಳು ಹೆಚ್ಚು ನೆಮ್ಮದಿಯಿಂದ ಇರಬಹುದೆಂದು ನಮ್ಮ ಅಭಿಪ್ರಾಯ.

ಒಮ್ಮೆ ಶಿಕ್ಷೆಯಾದವನು ಮತ್ತೆ ಅತ್ಯಾಚಾರವೆಸಗಿದರೆ ಬದುಕಿರುವವರೆಗೆ ಸೆರೆ ಅಥವಾ ಮರಣದಂಡನೆಯೆಂದು 2013ರ ತಿದ್ದುಪಡಿ ವಿಧಿಸಿತು; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 71ನೆಯ ಕಲಮಿನಲ್ಲಿಯೂ ಅದು ಉಳಿದಿದೆ. 2018ರ ಸೆಪ್ಟೆಂಬರ್‌ನಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದಾಖಲೆಯೊಂದು ನಾಲ್ಕು ಲಕ್ಷಕ್ಕೂ ಮೇಲ್ಪಟ್ಟ ಹೆಸರುಗಳೊಂದಿಗೆ ಆರಂಭವಾಯಿತು. ಅಮೆರಿಕದಲ್ಲಿರುವಂತೆ ಅದು ಎಲ್ಲರ ಕಣ್ಣಿಗೆ ಬೀಳುವ ಪಟ್ಟಿಯಲ್ಲ. ಪೊಲೀಸರು ಮತ್ತು ತನಿಖಾ ಸಂಸ್ಥೆಗಳು ಮಾತ್ರ ನೋಡಬಹುದು. ಇದು ಸರಿಯೆಂದೇ ನಮ್ಮ ಎಣಿಕೆ. ಹೆಸರನ್ನು ಬೀದಿಯಲ್ಲಿ ಸಾರಿದರೆ ಏನಾಗುತ್ತದೆ? ಉಜಿರೆಯಿಂದ ಓಡಿಸಲ್ಪಟ್ಟವನು ಬೆಳ್ತಂಗಡಿಗೋ ಮೂಡುಬಿದಿರೆಗೋ ಹೋಗುತ್ತಾನೆ. ಅಲ್ಲಿಂದ ಓಡಿಸಿದರೆ ಯಾರೂ ಅರಿಯದ ಮಹಾನಗರವನ್ನು ಸೇರುತ್ತಾನೆ. ಓಡಿಸಿದ ಊರಿಗೆ ನೆಮ್ಮದಿ. ಅವನು ಹೋಗಿ ಸೇರಿದ ಊರಿಗೆ ಅವನ ಸುದ್ದಿಯೇ ಇಲ್ಲ. ಹಾಗೆಯೇ ಮಗನ ಹೆಸರು ಹೊರಬಿದ್ದರೆ ತಾಯಿಯ, ತಂಗಿಯ, ಪೀಡಿತ ಮಗುವಿನ ಹೆಸರೂ ಹೊರಬೀಳುತ್ತದೆ; ಆಗ ಮನೆಯೊಳಗಿನ ಅಪರಾಧಕ್ಕೆ ದೂರು ಕೊಡುವವರೇ ಇಲ್ಲವಾಗುತ್ತಾರೆ.

ಇಲ್ಲಿ ನಮ್ಮ ಶರಣ ಪರಂಪರೆಯ ಒಂದು ಕಥೆಯನ್ನು ನೆನೆಯುವುದು ಉಚಿತ. ಉರಿಲಿಂಗಪೆದ್ದಿಗಳು ಪೂರ್ವಾಶ್ರಮದಲ್ಲಿ ಕಳ್ಳರಾಗಿದ್ದರೆಂದು ಪರಂಪರೆ ಹೇಳುತ್ತದೆ. ಕನ್ನ ಹಾಕಲು ಹೋದ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುತ್ತಿದ್ದುದನ್ನು ಕಂಡು ಪೆದ್ದಿಯ ಮನಸ್ಸು ತಿರುಗಿತು. ಆದರೆ ಗುರುವು ಆ ರಾತ್ರಿಯೇ ಆತನನ್ನು ಅಪ್ಪಿಕೊಳ್ಳಲಿಲ್ಲ. ಪೆದ್ದಿಯು ದಿನದಿನವೂ ಕಾಡಿನಿಂದ ಸೌದೆಯ ಹೊರೆಯನ್ನು ಹೊತ್ತು ತಂದು ಮಠಕ್ಕೆ ಹಾಕಿದನು. ದೀಕ್ಷೆ ಬೇಡಿದಾಗ ಗುರುವು ಒಪ್ಪದೆ ಕಲ್ಲೊಂದನ್ನು ಎಸೆದರೆ ಅದನ್ನೇ ಲಿಂಗವೆಂದು ಧರಿಸಿದನು. ಆತನ ನಡೆಯು ನುಡಿಯೊಂದಿಗೆ ಒಂದಾದುದನ್ನು ಕಣ್ಣಾರೆ ಕಂಡ ಮೇಲೆ ಗುರುವು ಸ್ವೀಕರಿಸಿದರು. ಮುಂದೆ ಆತನೇ ಆ ಪೀಠಕ್ಕೆ ಒಡೆಯನಾದನು. ಕಳವಿಗೂ ಮಗುವಿನ ಮೈಮೇಲೆ ಕೈಮಾಡುವುದಕ್ಕೂ ಅಜಗಜಾಂತರವಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಉದ್ದೇಶವಲ್ಲ. ಮನುಷ್ಯನು ಬದಲಾಗಬಲ್ಲನೆಂದು ಶರಣರು ನಂಬಿದ್ದರು. ಆದರೆ ಬದಲಾದನೆಂಬುದನ್ನು ಬಾಯಿಮಾತಿನಿಂದಲ್ಲ, ದಿನದಿನದ ನಡೆಯಿಂದ ಪರೀಕ್ಷಿಸಿ ಒಪ್ಪಿದರು. ಕಥೆಯ ತಿರುಳು ಇಷ್ಟೇ.

ಇಂದಿನ ವಿಜ್ಞಾನವೂ ಬಹುಮಟ್ಟಿಗೆ ಇದನ್ನೇ ಹೇಳುತ್ತಿದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹ್ಯಾನ್ಸನ್ ಮತ್ತು ಜೊತೆಗಾರರು ಹೆಚ್ಚು ಅಪಾಯದವರೆಂದು ಗುರುತಿಸಿದವರನ್ನು ಬಹುಕಾಲ ಹಿಂಬಾಲಿಸಿದರು. ಬಿಡುಗಡೆಯಾದ ಮೊದಲ ಐದು ವರ್ಷಗಳಲ್ಲಿ ಅವರಲ್ಲಿ ನೂರಕ್ಕೆ 22 ಮಂದಿ ಮತ್ತೆ ತಪ್ಪಿದರು. ಆದರೆ ಹೊರಗೆ ಹತ್ತು ವರ್ಷ ತಪ್ಪದೆ ಬಾಳಿದವರನ್ನು ಮಾತ್ರ ತೆಗೆದುಕೊಂಡರೆ, ಅನಂತರ ತಪ್ಪಿದವರು ನೂರಕ್ಕೆ 4.2 ಮಾತ್ರ. ಎಂದರೆ ಅಪಾಯವು ಹಣೆಯ ಮೇಲೆ ಕೊರೆದ ಬರಹವಲ್ಲ. ಸ್ವತಂತ್ರವಾಗಿ, ಅವಕಾಶವಿದ್ದೂ ತಪ್ಪದೆ ಕಳೆದ ಪ್ರತಿಯೊಂದು ವರ್ಷವೂ ಅದನ್ನು ಸವೆಸುತ್ತದೆ. ಮೊದಲ ವರ್ಷಗಳೇ ಹೆಚ್ಚು ಅಪಾಯದವು. ಕಾವಲೂ ನೆರವೂ ಆಗಲೇ ಹೆಚ್ಚು ಬೇಕು. ನಮ್ಮಲ್ಲಿ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. ಶಿಕ್ಷೆ ಮುಗಿದ ದಿನ ಬಟ್ಟೆಗಂಟು ಕೊಟ್ಟು ಬಾಗಿಲಿನಿಂದ ಹೊರಗೆ ಬಿಟ್ಟರೆ ಆಮೇಲೆ ಆತನು ಎಲ್ಲಿ ಮಲಗಿದನು, ಏನು ಉಂಡನು, ಯಾರ ಜೊತೆ ಸೇರಿದನು ಎಂದು ಕೇಳುವವರಿಲ್ಲ.

ಕೆನಡಾ ದೇಶದ ಹ್ಯಾಮಿಲ್ಟನ್ ನಗರದಲ್ಲಿ 1994ರಲ್ಲಿ ಇಂಥ ಸಂದರ್ಭವೇ ಬಂದಿತು. ಮಕ್ಕಳ ಮೇಲೆ ಪದೇ ಪದೇ ಅಪರಾಧವೆಸಗಿದ್ದ ಓರ್ವನು ಶಿಕ್ಷೆ ಮುಗಿಸಿ ಬಂದಾಗ ಊರೆಲ್ಲ ಹೆದರಿತು. ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಪಾದ್ರಿ ಹ್ಯಾರಿ ನೈ ಮತ್ತು ಅವರ ಸಣ್ಣ ಸಭೆಯ ಕೆಲವರು ಆತನ ಸುತ್ತ ಒಂದು ಬಳಗವನ್ನು ಕಟ್ಟಿದರು. ದಿನವೂ ಆತನನ್ನು ಕಾಣುವುದು, ವಾಸಕ್ಕೂ ಕೆಲಸಕ್ಕೂ ನೆರವಾಗುವುದು. ಅಷ್ಟೇ ಕಟ್ಟುನಿಟ್ಟಾಗಿ ಆತನ ಓಡಾಟವನ್ನು ಪ್ರಶ್ನಿಸುವುದು, ಎಡವುವ ಸೂಚನೆ ಕಂಡರೆ ಪೊಲೀಸರಿಗೆ ತಿಳಿಸುವುದು. ಅಲ್ಲಿಂದ ಈ ಪದ್ಧತಿ ಇತರ ದೇಶಗಳಿಗೂ ಹಬ್ಬಿತು. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಇಂಥ ಬಳಗ ದೊರೆತವರನ್ನೂ ದೊರೆಯದವರನ್ನೂ ಹೋಲಿಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬಳಗವಿದ್ದವರಲ್ಲಿ ಮತ್ತೆ ಲೈಂಗಿಕ ಅಪರಾಧಕ್ಕಾಗಿ ಬಂಧಿತರಾದವರು ಬಹಳ ಕಡಿಮೆಯೆಂದು ಕಂಡುಬಂದಿತು.

ಇದು ನಮಗೆ ಪರಕೀಯವಾದ ವಿಚಾರವೇನಲ್ಲ. ಉಜಿರೆಯ ಸುತ್ತಲಿನ ಹಳ್ಳಿಗಳಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ ಇದರ ಮರ್ಮ ಕೂಡಲೇ ಹೊಳೆಯುತ್ತದೆ. ಶಿಬಿರ ಮುಗಿದ ಮಾತ್ರಕ್ಕೆ ಕುಡುಕನು ಗೆದ್ದನೆಂದು ಅಲ್ಲಿ ಭಾವಿಸುವುದಿಲ್ಲ. ಬಿಟ್ಟವರೆಲ್ಲ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ, ಒಬ್ಬರನ್ನೊಬ್ಬರು ವಿಚಾರಿಸುತ್ತಾರೆ, ತಪ್ಪಿದವನನ್ನು ಹುಡುಕಿಕೊಂಡು ಹೋಗುತ್ತಾರೆ. ಕುಡಿತ ಬೇರೆ, ಈ ಅಪರಾಧ ಬೇರೆ. ಇಲ್ಲಿ ಪೊಲೀಸರ ಮತ್ತು ಮನೋವೈದ್ಯರ ಕೈ ಇಲ್ಲದೆ ಊರಿನವರೇ ಏನನ್ನೂ ಮಾಡಲಾಗದು. ಆದರೆ ಬಿಟ್ಟವನನ್ನು ಬಿಟ್ಟು ಬಿಡಬಾರದೆಂಬ ತತ್ತ್ವ ಎರಡಕ್ಕೂ ಒಂದೇ.

ಇನ್ನು ನಮ್ಮ ಮನೆಗಳ ಮತ್ತು ಮಠಗಳ ಕರ್ತವ್ಯ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಗಳನ್ನು ನೋಡಿದರೆ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿಯು ಪೀಡಿತಳಿಗೆ ಪರಿಚಿತನೇ ಆಗಿರುತ್ತಾನೆ: ನೆರೆಯವನು, ಬಂಧು, ಮೇಷ್ಟ್ರು, ಮದುವೆಯ ಮಾತು ಕೊಟ್ಟವನು. ಜೈಲಿನಿಂದ ಬಂದ ಅಪರಿಚಿತನೊಬ್ಬನ ಮೇಲೆಯೇ ಕಣ್ಣಿಟ್ಟು ಕುಳಿತರೆ ಹಿತ್ತಲ ಬಾಗಿಲು ತೆರೆದೇ ಇರುತ್ತದೆ. ನಮ್ಮ ಮಠಗಳು ಸಾವಿರಾರು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿವೆ. ನಾವೂ ಅಂಥ ಮಠದ ಅನ್ನ ಉಂಡು ಓದಿದವರು. ಆ ಋಣದಿಂದಲೇ ಹೇಳುತ್ತೇವೆ: ಮಕ್ಕಳಿರುವ ಪ್ರಸಾದನಿಲಯಗಳಲ್ಲಿ ಅಡುಗೆಯವರಿಂದ ಹಿಡಿದು ಕಾವಲುಗಾರ, ಮೇಲ್ವಿಚಾರಕ, ಅಧ್ಯಾಪಕರವರೆಗೆ ಯಾರನ್ನು ನೇಮಿಸುವಾಗಲೂ ಹಿಂದಿನ ಕೆಲಸವನ್ನು ಏಕೆ ಬಿಟ್ಟರೆಂದು ವಿಚಾರಿಸಬೇಕು, ಪೊಲೀಸ್ ಪರಿಶೀಲನೆ ಮಾಡಿಸಬೇಕು. ಕಾವಿಯಾಗಲಿ, ಖಾದಿಯಾಗಲಿ, ಖಾಕಿಯಾಗಲಿ ಈ ವಿಚಾರಣೆಯಿಂದ ವಿನಾಯಿತಿ ಕೊಡುವ ಬಟ್ಟೆಯಲ್ಲ. ಮಗುವಿನ ಮಾತು ಬಂದರೆ ಹಿರಿಯರು ಕುಳಿತು ರಾಜಿ ಮಾಡಿ, ತಪ್ಪಿದವನನ್ನು ಸದ್ದಿಲ್ಲದೆ ಬೇರೆ ಊರಿನ ಶಾಖೆಗೆ ಕಳುಹಿಸುವುದು ಅಪರಾಧವನ್ನು ಮುಂದಿನ ಊರಿಗೆ ದಾಟಿಸುವುದೇ ಸರಿ.

ಕಾನೂನೂ ಇದನ್ನೇ ಹೇಳುತ್ತದೆ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, ಮಗುವಿನ ಮೇಲೆ ಇಂಥ ಅಪರಾಧ ನಡೆದುದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆಯಿದೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ. ಹೇಗೆ ತಿಳಿಸುವುದೆಂದು ಅಂಜುವವರಿಗೆ ಮಕ್ಕಳ ಸಹಾಯವಾಣಿ 1098 ಇದೆ. ಈ ಸಂಖ್ಯೆಯನ್ನು ಪ್ರತಿ ಪ್ರಸಾದನಿಲಯದ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವಂತೆ ಬರೆಸಿರೆಂದು ಆಡಳಿತ ಮಂಡಳಿಗಳಲ್ಲಿ ವಿನಂತಿಸುತ್ತೇವೆ. ಒಂದು ದೂರು ದಾಖಲಾದರೆ ಒಂದು ಮಗುವಿಗೆ ನ್ಯಾಯ ದೊರೆಯಬಹುದು. ಅದಕ್ಕಿಂತ ಮಿಗಿಲಾಗಿ, ನಾಳೆ ಆತನನ್ನು ಅಳೆಯುವವರ ಕೈಗೆ ಖಾಲಿಯಲ್ಲದ ಲೆಕ್ಕದ ಪುಸ್ತಕ ಸಿಗುತ್ತದೆ.

ಇಷ್ಟೆಲ್ಲ ಹೇಳುವಾಗ ನೊಂದವರನ್ನು ಮರೆತರೆ ನಮ್ಮ ಮಾತು ಒಣಲೆಕ್ಕವಾಗುತ್ತದೆ. ಅಪರಾಧಿಯನ್ನು ಬಿಡುವ ಮುನ್ನ ಪೀಡಿತಳ ಮನೆಯವರಿಗೆ ಸುದ್ದಿ ಮುಟ್ಟಬೇಕು. ಆಕೆ ಅದೇ ಓಣಿಯಲ್ಲಿದ್ದರೆ ಆಕೆಯ ರಕ್ಷಣೆಗೆ ಮೊದಲು ವ್ಯವಸ್ಥೆಯಾಗಬೇಕು. ಆತನ ಸುಧಾರಣೆಗಾಗಿ ಆಕೆಯು ಕ್ಷಮಿಸಲೇಬೇಕೆಂದು ಒತ್ತಾಯಿಸುವ ಹಕ್ಕು ಊರ ಹಿರಿಯರಿಗೂ ಇಲ್ಲ, ಗುರುಗಳಿಗೂ ಇಲ್ಲ. ಕ್ಷಮೆ ಆಕೆಯ ಸ್ವತ್ತು. ಕೊಟ್ಟರೂ ಆಕೆಯದೇ, ಕೊಡದಿದ್ದರೂ ಆಕೆಯದೇ. ಎಚ್ಚರವಾಗಿರುವುದು ಮಾತ್ರ ನಮ್ಮೆಲ್ಲರ ಪಾಲಿನ ಕೆಲಸ.

ಆದ್ದರಿಂದ ತಾಯಂದಿರೇ, ಬಂಧುಗಳೇ, ಆತನು ಮತ್ತೆ ತಪ್ಪುವನೇ ಎಂಬ ಪ್ರಶ್ನೆಗೆ ಹೌದೆಂದೋ ಅಲ್ಲವೆಂದೋ ಒಂದೇ ಮಾತಿನಲ್ಲಿ ಉತ್ತರಿಸುವವರನ್ನು ನಂಬಬೇಡಿರಿ. ಹಿಂದೆ ಏನು ಮಾಡಿದನು, ಈಗ ಹೇಗೆ ಬಾಳುತ್ತಿದ್ದಾನೆ, ಎಷ್ಟು ವರ್ಷ ತಪ್ಪದೆ ನಡೆದನು ಎಂಬ ಮೂರನ್ನೂ ಬಲ್ಲವರಿಂದ ತಿಳಿಯಿರಿ. ವರ್ಷವರ್ಷವೂ ಮತ್ತೆ ತಿಳಿಯಿರಿ. ದುಡಿದು ತಿನ್ನಲು ಬಂದವನಿಗೆ ಹೊಲದಲ್ಲೋ ಗಿರಣಿಯಲ್ಲೋ ಕೆಲಸ ಕೊಡಿರಿ, ಮಕ್ಕಳಿರುವಲ್ಲಿ ಬೇಡ. ಅವನು ತಪ್ಪದೆ ನಡೆದಷ್ಟು ದಿನ ಅವನ ಮಾನವನ್ನು ಕಾಯಿರಿ. ಮಕ್ಕಳನ್ನು ಎಲ್ಲ ದಿನವೂ ಕಾಯಿರಿ. ಶರಣು ಶರಣಾರ್ಥಿಗಳು.